ಗೂಡಿನ ಲೋಟ

"ಪೇಪರ್ ಲೋಟ ಮುಗ್ದೋಗವೆ ಕಣ್ರೇ. ಒಂದೊಂದು ಚಿಪ್ಪು ಹಿಡ್ಕಂಡು ಬರ್ರಿ, ಮುಂಡೇವಾ, ಟೀ ಆರೋಯ್ತದೆ."

ಕೊಬ್ಬರಿ ಯಜಮಾನ ತೋಂಟದಾರ್ಯನ ಹೆಂಡತಿ ಸರ್ವಮಂಗಳಮ್ಮ ಜಗಲಿಯ ಮೇಲಿಂದ ಕೂಗಿದಳು. ಅಂಗಳದಲ್ಲಿ ಕೊಬ್ಬರಿ ಬಿಡಿಸುತ್ತಿದ್ದ ರೂತಮ್ಮ ಕತ್ತಿ ಕೆಳಗಿಟ್ಟು, ತಾನೇ ಒಡೆದ ಚಿಪ್ಪೊಂದನ್ನು ಸೆರಗಿನಲ್ಲಿ ಒರೆಸಿ ಒಡ್ಡಿದಳು. ಟೀ ಮೇಲಿನಿಂದ ಬಿತ್ತು. ಜಗಲಿಯ ಗೂಡಿನಲ್ಲಿದ್ದ ಸ್ಟೀಲ್ ಲೋಟ ಅವಳ ಕೇರಿಯವರ ಕೈಗೆ ಎಂದೂ ಬಂದದ್ದಿಲ್ಲ. ಅವ್ವನ ಕಾಲಕ್ಕೆ ಕೇರಿಯವರೆಲ್ಲ ಕ್ರೈಸ್ತರಾದರು. ದೇವರು ಬದಲಾದ, ಲೋಟ ಬದಲಾಗಲಿಲ್ಲ.

ಇವತ್ತು ಮಾತ್ರ ಅವಳಿಗೊಂದು ಆಸೆಯಿತ್ತು. ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಫಾದರ್ ಬಾಲರಾಜು ಅವರನ್ನು ತಡೆದು ಕೇಳಿದ್ದಳು. "ಒಂದು ಮಾತು ಹೇಳ್ರಿ ಫಾದರ್, ನಮಗೂ ಲೋಟ ಕೊಡ್ಲಿ ಅಂತ. ನಿಮ್ ಮಾತ್ಗೆ ಬೆಲೆ ಐತೆ." ಯೇಸು ಬಡವರ ಪಕ್ಷ ಎಂದು ವಾರವಾರವೂ ಗುಡುಗುವ ಫಾದರ್, ಬರುತ್ತೇನೆ ಎಂದಿದ್ದರು.

ಬಂದರು. ಸರ್ವಮಂಗಳಮ್ಮ ಕುರ್ಚಿ ಹಾಕಿ ಸ್ಟೀಲ್ ಲೋಟದಲ್ಲಿ ಟೀ ಕೊಟ್ಟಳು. ಫಾದರ್ ಲೋಟ ನೋಡಿದರು, ಅಂಗಳ ನೋಡಿದರು. ಇಳಿದು ಬಂದು, ಚಿಪ್ಪೊಂದನ್ನೆತ್ತಿ, ಟೀಯನ್ನು ಅದಕ್ಕೆ ಸುರಿದುಕೊಂಡು ಹೆಂಗಸರ ನಡುವೆ ಕೂತರು.

"ಯೇಸು ಇವತ್ತು ಬಂದಿದ್ರೆ ಚಿಪ್ಪಲ್ಲೇ ಕುಡೀತಿದ್ರು."

ಹೆಂಗಸರು ಕಣ್ಣೊರೆಸಿಕೊಂಡರು. "ಎಂಥ ದೊಡ್ ಗುಣ ನೋಡ್ರೇ," ಎಂದು ಸರ್ವಮಂಗಳಮ್ಮನೂ ಕೈಮುಗಿದಳು. ಅವಳಪ್ಪನ ಮನೆ ಗಂಟೇನು ಹೋಯಿತು?

ರೂತಮ್ಮ ಟೀ ಉಳಿದಿದ್ದ ಚಿಪ್ಪನ್ನು ಹಿಡಿದೇ ಫಾದರ್ ಕಡೆ ತಿರುಗಿದಳು.

"ಲೋಟದ ಮಾತು ಎತ್ರಿ ಅಂದ್ರೆ ನೀವೂ ಚಿಪ್ಪು ಹಿಡಿದ್ರಲ್ಲ ಫಾದರ್."

"ನಾನು ನಿಮ್ಮ ಜೊತೆ ಇದ್ದೀನಮ್ಮ."

"ಸಂಜೆಗೆ ನೀವು ಲೋಟದಾಗೆ ಕುಡೀತೀರ. ನಾನು ನಾಳೇನೂ ಇದ್ರಾಗೇ ಕುಡೀಬೇಕು."

ಫಾದರ್ ಪಕ್ಕದಲ್ಲಿದ್ದ ಖಾಲಿ ಲೋಟವನ್ನು ರೂತಮ್ಮ ಎತ್ತಿಕೊಂಡಳು.

"ಇಡೇ ಕೆಳಗೆ, ಬೇವರ್ಸಿ," ಸರ್ವಮಂಗಳಮ್ಮ ಜಗಲಿಯಿಂದ ಕೂಗಿದಳು.

ರೂತಮ್ಮ ತನ್ನ ಟೀಯನ್ನು ಲೋಟಕ್ಕೆ ಸುರಿದು, ಕಚ್ಚಿಕೊಂಡೇ ಕೊನೆಯ ಗುಟುಕಿನವರೆಗೂ ಕುಡಿದಳು. ಸೆರಗಿನಲ್ಲಿ ಒರೆಸಿದಳು. ಜಗಲಿ ಹತ್ತಿ, ಗೂಡಿನಲ್ಲಿ ಮನೆಯವರ ಲೋಟಗಳ ನಡುವೆ ಅದನ್ನು ಬೋರಲು ಹಾಕಿ, ಯಾವುದು ಯಾವುದೆಂದು ತಿಳಿಯದ ಹಾಗೆ ಎಲ್ಲವನ್ನೂ ಕಲಸಿಬಿಟ್ಟಳು.

"ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ ಕಣೇ."

"ಬರಾಕಿಲ್ಲ ಬುಡ್ರಿ."

ಒಳಗಿನಿಂದ ತೋಂಟದಾರ್ಯ ಕೂಗಿದ. "ಲೇ, ಟೀ ತತ್ತಾರೇ."

ಸರ್ವಮಂಗಳಮ್ಮ ಗೂಡಿಗೆ ಕೈ ಚಾಚಿದಳು. ಒಂದು ಲೋಟ ಮುಟ್ಟಿದಳು, ಬಿಟ್ಟಳು. ಇನ್ನೊಂದು ಮುಟ್ಟಿದಳು, ಅದನ್ನೂ ಬಿಟ್ಟಳು.