ಅಂಗೈ ತುಂಬ ಎಣ್ಣೆ

ಬಚ್ಚಲಿನ ಚಿಲಕ ಹಾಕಿಕೊಂಡು ಮುದ್ದಮ್ಮ ಚೊಂಬಿನ ಮೇಲೆ ಚೊಂಬು ತಣ್ಣೀರು ತಲೆಗೆ ಸುರಿದುಕೊಳ್ಳುತ್ತಿದ್ದರು. ಮೂಡಿಗೆರೆಯ ಚಳಿಗೆ ಹಲ್ಲು ಕಟಕಟ ಅನ್ನುತ್ತಿದ್ದರೂ ನೆತ್ತಿ ಮಾತ್ರ ಕೆಂಡ. ಸೀಗೆಪುಡಿ ಹಾಕಿ ತಿಕ್ಕಿದರು, ಉರಿ ಇನ್ನೂ ಹೆಚ್ಚಾಯಿತು. "ಅಯ್ಯೋ ಶಿವನೇ, ಯಾಕಪ್ಪಾ ಈ ಬುದ್ಧಿ ಕೊಟ್ಟೆ" ಅಂತ ಬಾಯಿಗೆ ಸೀರೆ ಒತ್ತಿಕೊಂಡು ಅತ್ತರು.

"ಅತ್ತೆ, ಬಿಸಿನೀರು ಕಾದಿದೆಯಲ್ಲ, ತಣ್ಣೀರು ಯಾಕೆ ಹಾಕ್ಕೊಳ್ತಿದ್ದೀರ?" ಹೊರಗಿನಿಂದ ಸೊಸೆ ಸುಪ್ರಿಯಾ ಕೂಗಿದಳು.

"ಏನಿಲ್ಲ ಕಣೇ, ಸೆಖೆ."

ಡಿಸೆಂಬರಿನಲ್ಲಿ ಸೆಖೆ! ಬಾಯಿಗೆ ಬಂದದ್ದು ಅದೇ, ಪಾಪ, ಏನು ಮಾಡುತ್ತಾರೆ.

ಇಷ್ಟಕ್ಕೂ ಅವರಿಗೆ ಬೇಕಾಗಿದ್ದದ್ದು ಒಂದಿಷ್ಟು ಕೂದಲು. ಮನೆಯ ಮುಂಭಾಗದಲ್ಲೇ ತೋಟಕ್ಕೆ ಹೊಡೆಯುವ ಔಷಧಿಯ ಅಂಗಡಿ ಇಟ್ಟುಕೊಂಡಿದ್ದ ಗಂಡ ಓಂಕಾರಪ್ಪನವರಿಗೆ ಅರವತ್ತು ತುಂಬುತ್ತಿತ್ತು. ಸಂಕ್ರಾಂತಿ ಕಳೆದ ಮೇಲೆ ಷಷ್ಟಿಪೂರ್ತಿ, ಅಂದರೆ ಮುದ್ದಮ್ಮ ಮತ್ತೆ ಮದುಮಗಳಾಗಿ ಮಂಟಪದಲ್ಲಿ ಕೂರಬೇಕು, ಜಡೆ ಹೆಣೆಸಿಕೊಂಡು ಹೂ ಮುಡಿಯಬೇಕು. ಕನ್ನಡಿಯ ಮುಂದೆ ನಿಂತರೆ ಬೈತಲೆ ಎರಡು ಬೆರಳಗಲ, ಜಡೆ ಇಲಿಬಾಲ. ಮಲ್ಲಿಗೆ ದಂಡೆ ಇರಲಿ, ಒಂದು ಎಸಳು ನಿಲ್ಲುವುದೂ ಅನುಮಾನ.

ಮನೆಯಲ್ಲೇ ಎಣ್ಣೆ ಇತ್ತು. ಸುಪ್ರಿಯಾ ಕೊಬ್ಬರಿ ಎಣ್ಣೆಗೆ ದಾಸವಾಳ, ಮೆಂತ್ಯ ಹಾಕಿ ಕಾಯಿಸಿ, ಆರಿದ ಮೇಲೆ ಎರಡು ಪುಟ್ಟ ಕಂದು ಶೀಶೆಗಳಿಂದ ರೋಸ್‌ಮೇರಿ, ಪುದೀನಾದ ಗಾಢ ಸತ್ವವಾದ ಎಸೆನ್ಷಿಯಲ್ ಆಯಿಲ್ ಹನಿ ಎಣಿಸಿ ಬಿಡುತ್ತಿದ್ದಳು. ಬೀದಿಯ ಹೆಂಗಸರಲ್ಲದೆ ಜಾವಳಿ, ಬಾಳೂರು ಕಡೆಯ ಎಸ್ಟೇಟುಗಳಿಂದಲೂ ಕೇಳಿ ತರಿಸಿಕೊಳ್ಳುವವರಿದ್ದರು. ಅವಳು ತಾನಾಗಿ ಕಟ್ಟಿಕೊಂಡ ಹೆಸರೆಂದರೆ ಅದೊಂದೇ.

ಕೇಳಿದ್ದರೆ ಕೊಡುತ್ತಿದ್ದಳು. ಆದರೆ ಕೇಳುವುದು ಯಾವ ಮುಖ ಇಟ್ಟುಕೊಂಡು? ಎದುರುಮನೆ ವಿಶಾಲಾಕ್ಷಮ್ಮ ಎಣ್ಣೆ ತಗೊಳ್ಳಲು ಬಂದಾಗ ಮುದ್ದಮ್ಮ ಸೊಸೆಯೆದುರೇ ಅಂದುಬಿಟ್ಟಿದ್ದರು, "ನಮ್ಮನೇವ್ರ ಅಂಗಡಿ ಔಷಧಿ ವಾಸನೆ ಸಾಲ್ದು ಅಂತ ಇವಳದ್ದೊಂದು. ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು? ನನ್ನ ಕೂದ್ಲು ಮೊಣಕಾಲಿಗೆ ಬರ್ತಿತ್ತು!"

ವಿಶಾಲಾಕ್ಷಮ್ಮ ಆ ಇಲಿಬಾಲವನ್ನೇ ನೋಡುತ್ತಾ, "ಈಗ ಎಲ್ಲಿಗೆ ಬರ್ತದೆ ಮುದ್ದಮ್ಮ?" ಅಂದಿದ್ದರು. ಸುಪ್ರಿಯಾ ತಲೆ ತಗ್ಗಿಸಿ ಒಳಗೆ ಹೋಗಿದ್ದಳು.

ಹಾಗಾಗಿ ಕದಿಯುವುದೇ ಆಯಿತು. ಅವತ್ತು ಬೆಳಿಗ್ಗೆ ಸುಪ್ರಿಯಾ ಮಗುವನ್ನು ಸ್ಕೂಲಿಗೆ ಬಿಡಲು ಹೋದದ್ದೇ ತಡ, ಮುದ್ದಮ್ಮ ಕಪಾಟು ತೆಗೆದರು. ನಾಲ್ಕು ಹನಿಗೇ ಊರವರಿಗೆಲ್ಲ ಕೂದಲು ಬರುವುದಾದರೆ ಪೂರಾ ಹಾಕಿದರೆ ಎಷ್ಟು ಬರಬೇಡ! ಕಂದು ಶೀಶೆ ಅಂಗೈಗೆ ಬಗ್ಗಿಸಿ, ಕೊಬ್ಬರಿ ಎಣ್ಣೆ ತಟ್ಟಿಕೊಳ್ಳುವ ಹಾಗೆ ಪುದೀನಾ ಎಣ್ಣೆಯನ್ನು ನೆತ್ತಿಗೆ ತಟ್ಟಿಕೊಂಡರು. ಖಾಲಿ ಶೀಶೆ ಟ್ರಂಕಿನಲ್ಲಿ, ಷಷ್ಟಿಪೂರ್ತಿಯ ರೇಷ್ಮೆ ಸೀರೆಯ ಮಡಿಕೆಯೊಳಗೆ ಸೇರಿತು.

ಬಚ್ಚಲಿನಿಂದ ಬಂದವರು ತಲೆತುಂಬ ಸೆರಗು ಹೊದ್ದು ಆ ದಿನ ದೂಡಿದರು. ಮರುದಿನ ಬೆಳಿಗ್ಗೆ ರೊಟ್ಟಿ ತಟ್ಟುವಾಗ ಸೆರಗು ಜಾರಿತು.

"ಅತ್ತೆ!" ಸುಪ್ರಿಯಾ ಬೆಚ್ಚಿಬಿದ್ದಳು. ಬೈತಲೆಯುದ್ದಕ್ಕೂ ಚರ್ಮ ಕೆಂಪಾಗಿ ಸಣ್ಣ ಗುಳ್ಳೆಗಳೆದ್ದಿದ್ದವು. "ತಲೆಗೇನು ಹಾಕ್ಕೊಂಡ್ರಿ?"

"ನೀನು ಮಾಡಿದ ಎಣ್ಣೇನೇ. ಬಾಟ್ಲಿಯಲ್ಲಿತ್ತಲ್ಲ, ಒಂಚೂರು ಹಚ್ಚಿದೆ."

ಮಾನ ಉಳಿಸಿಕೊಳ್ಳಲು ಆಡಿದ ಮಾತು, ಅಷ್ಟಕ್ಕೇ ಮುಗಿಯುತ್ತದೆ ಅಂದುಕೊಂಡಿದ್ದರು. ಆದರೆ ಸುಪ್ರಿಯಾಳ ಮುಖ ಬಿಳಿಚಿಕೊಂಡಿತು. ಒಲೆ ಆರಿಸಿದಳು, ಹಿತ್ತಿಲಿನ ಮೆಟ್ಟಿಲ ಮೇಲೆ ಕೂತು ಎಣ್ಣೆ ಒಯ್ದವರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡತೊಡಗಿದಳು.

"ಕವನಾ, ಮೊನ್ನೆ ಕೊಟ್ಟ ಎಣ್ಣೆ ಹಚ್ಬೇಡ ಮಾರಾಯ್ತಿ. ನಮ್ಮತ್ತೆ ತಲೆ ಸುಟ್ಟುಹೋಗಿದೆ. ತಪ್ಪು ನಂದೇ, ಅಳತೆಯಲ್ಲಿ ಏನೋ ಎಡವಟ್ಟು ಮಾಡಿದ್ದೀನಿ."

ಮುದ್ದಮ್ಮ ನಡುಮನೆಯಲ್ಲಿ ಕೂತು ಎಲ್ಲ ಕೇಳಿಸಿಕೊಂಡರು. ಮುಂದಿನ ಅಂಗಡಿಯಿಂದ ಓಂಕಾರಪ್ಪನವರ ದನಿಯೂ ಬರುತ್ತಿತ್ತು. ಯಾವುದೋ ತೋಟದವರಿಗೆ ಹೇಳುತ್ತಿದ್ದರು, "ಹಂಗೇ ಹೊಡೀಬೇಡಿ ಮಾರಾಯ್ರೇ. ಅಳತೆ ನೋಡಿ ನೀರಿಗೆ ಬೆರೆಸಿ. ಇಲ್ದಿದ್ರೆ ಎಲೆಯೆಲ್ಲ ಸುಟ್ಟು ಹೋಗ್ತದೆ."

ಈ ಮನೆಗೆ ಕಾಲಿಟ್ಟಾಗಿನಿಂದ ದಿನಾ ಕೇಳಿದ ಮಾತು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತಿದ್ದರೇನೋ. ನಾಚಿಕೆಯಿಂದ ಮುದ್ದಮ್ಮನ ಕಿವಿ ಬಿಸಿಯಾಯಿತು, ನೆತ್ತಿಯ ಉರಿ ಅದರ ಮುಂದೆ ಏನೂ ಅಲ್ಲ.

ಹಿತ್ತಿಲಲ್ಲಿ ಸುಪ್ರಿಯಾ ಫೋನನ್ನು ಸ್ಪೀಕರಿಗೆ ಹಾಕಿ ಮೆಟ್ಟಿಲ ಮೇಲಿಟ್ಟು, ಮಿಕ್ಕ ಬಾಟಲಿಗಳ ಎಣ್ಣೆಯನ್ನು ಒಂದೊಂದಾಗಿ ಮಣ್ಣಿಗೆ ಸುರಿಯುತ್ತಿದ್ದಳು. ಫೋನಿನಲ್ಲಿ ವಿಶಾಲಾಕ್ಷಮ್ಮ. "ಓಹೋ, ಹಾಗಾದ್ರೆ ನಿಮ್ಮತ್ತೆ ಅವತ್ತು ಹೇಳಿದ್ದೇ ಸರಿಯಾಯ್ತಲ್ಲೇ! ಔಷಧಿ ವಾಸನೆ ಅಂದಿದ್ರು."

"ಹೌದು ಆಂಟಿ. ಇನ್ಮೇಲೆ ಮಾಡಲ್ಲ."

ತಾನಾಡಿದ ಮಾತು ಎಲ್ಲರನ್ನೂ ಬಿಟ್ಟು ಈ ವಿಶಾಲಾಕ್ಷಮ್ಮನ ಬಾಯಲ್ಲೇ ಬರಬೇಕಾ! ಮುದ್ದಮ್ಮ ಎದ್ದರು. ಟ್ರಂಕು ತೆಗೆದರೆ ರೇಷ್ಮೆ ಸೀರೆಯೆಲ್ಲ ಪುದೀನಾ ಘಾಟು. ಶೀಶೆ ಹಿಡಿದು ಹಿತ್ತಿಲಿಗೆ ಬಂದು ಸೊಸೆಯ ಕಾಲ ಬಳಿ ಇಟ್ಟು, ಫೋನ್ ಎತ್ತಿಕೊಂಡರು. ಸುಪ್ರಿಯಾ ಶೀಶೆ ನೋಡಿದಳು, ಅತ್ತೆಯ ತಲೆ ನೋಡಿದಳು. ಬಗ್ಗಿಸಿದ್ದ ಬಾಟಲಿ ನೆಟ್ಟಗಾಯಿತು.

"ವಿಶಾಲಾಕ್ಷಮ್ಮ, ನಾನು ಮುದ್ದಮ್ಮ. ಅವಳ ಎಣ್ಣೆಯಲ್ಲಿ ಏನೂ ತಪ್ಪಿಲ್ಲ. ಬೆರೆಸದೇ ಇರೋ ಶೀಶೆ ಕದ್ದು ಅಂಗೈ ತುಂಬ ಹಚ್ಕೊಂಡೆ. ಕೇಳಿದ್ದಕ್ಕೆ ಸುಳ್ಳು ಹೇಳ್ದೆ."

"ನೀವಾ? ಯಾಕ್ರೀ?"

"ಯಾಕೆ ಅಂದ್ರೆ..." ಮುದ್ದಮ್ಮ ಇಲಿಬಾಲದಂಥ ಜಡೆ ಮುಟ್ಟಿಕೊಂಡರು. "ಮಂಟಪದಲ್ಲಿ ಹೂ ಮುಡಿಯೋಕೆ ಕೂದ್ಲು ಬೇಕಿತ್ತು."

ಆ ಕಡೆಯಿಂದ ಹೊಟ್ಟೆ ಹಿಡಿದುಕೊಂಡು ನಗುವ ಸದ್ದು ಬಂತು. ಸ್ಪೀಕರಿನಲ್ಲಿ ಹಿತ್ತಿಲಿಗೆಲ್ಲ ಕೇಳಿತು. ಮುದ್ದಮ್ಮ ಫೋನ್ ಇಡಲಿಲ್ಲ. ನಗು ಮುಗಿಯುವ ತನಕ ಹಿಡಿದು ನಿಂತರು. ಆಮೇಲೆ, "ಎಣ್ಣೆ ಚೆಲ್ಬೇಡಿ. ಹಚ್ಕೊಳ್ಳಿ," ಅಂದರು.

ಸುಪ್ರಿಯಾ ಬಾಟಲಿ ಕೆಳಗಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡು ಫೋನ್ ತೆಗೆದುಕೊಂಡಳು, ಕವನಾಳ ನಂಬರು ಒತ್ತಿ ಅತ್ತೆಗೇ ವಾಪಸು ಕೊಟ್ಟಳು. ಒಳಗೆ ಹೋಗಿ ಬರಿಯ ಕೊಬ್ಬರಿ ಎಣ್ಣೆ ಬಟ್ಟಲಲ್ಲಿ ತಂದಳು.

ಮುದ್ದಮ್ಮ ಕೆಳಗಿನ ಮೆಟ್ಟಿಲ ಮೇಲೆ ಸೊಸೆಗೆ ಬೆನ್ನು ಕೊಟ್ಟು ಕೂತರು. ಸೆರಗು ಹೆಗಲಿಗೆ ಬಿದ್ದಿತ್ತು, ಎಳೆದುಕೊಳ್ಳಲಿಲ್ಲ. ಫೋನ್ ರಿಂಗಾಗುತ್ತಿತ್ತು. ಸುಪ್ರಿಯಾ ಬೆರಳ ತುದಿ ಎಣ್ಣೆಯಲ್ಲಿ ಅದ್ದಿ ಬೈತಲೆಯ ಮೇಲೆ ಮೆಲ್ಲಗೆ ಇಟ್ಟಳು.

"ಹಲೋ, ಕವನಾನಾ?" ಅಂದರು ಮುದ್ದಮ್ಮ. "ನಾನಮ್ಮ, ಸುಪ್ರಿಯಾ ಅತ್ತೆ."