ಕೊಳವೆಗೆ ತಾಗಿದ ಕಣ್ಣು

ಪೀಣ್ಯ ಎರಡನೇ ಹಂತದ ಆ ಸಣ್ಣ ಕಾರ್ಖಾನೆಯಲ್ಲಿ ಆಷಾಢದ ಮೊದಲ ವಾರ ಹನುಮವ್ವನ ಕಣ್ಣು ಕೆಂಪಾಯಿತು. ಮೂರೇ ದಿನದಲ್ಲಿ ಇನ್ನಿಬ್ಬರು ಮಲಗಿದರು. ಮದ್ರಾಸ್ ಐ ಬಂದಿದೆ ಎಂದು ಊರೆಲ್ಲ ಗುಲ್ಲೆದ್ದಿತ್ತು. ಬಸ್‌ಸ್ಟಾಪಿನ ಪಕ್ಕ ಒಬ್ಬ ಗೋಣಿಚೀಲ ಹಾಸಿಕೊಂಡು ಕಪ್ಪು ಕನ್ನಡಕ ಮಾರುತ್ತಿದ್ದ. ಬೇನೆ ಬಂದವರ ಕಣ್ಣನ್ನು ನೋಡಿದರೆ ಸಾಕು, ಬಂದುಬಿಡುತ್ತದೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಸೂಪರ್‌ವೈಸರ್ ಪುಟ್ಟಣ್ಣನೇ ಕಪ್ಪು ಕನ್ನಡಕ ಹಾಕಿಕೊಂಡು ಹಾಜರಿ ತೆಗೆದುಕೊಳ್ಳುತ್ತಿದ್ದ. ಕೆಲಸಗಾರರು ಒಬ್ಬರೊಡನೊಬ್ಬರು ಗೋಡೆ ನೋಡಿಕೊಂಡು ಮಾತಾಡುತ್ತಿದ್ದರು.

ಕೊಟ್ರೇಶನಿಗೆ ಮಾತ್ರ ನಿಜ ಗೊತ್ತಿತ್ತು. ದಾವಣಗೆರೆಯಲ್ಲಿ ಬಿಎಸ್ಸಿ ಮುಗಿಸಿ ಬಂದವನು. ಲಗ್ಗೆರೆಯ ರೂಮಿನಲ್ಲಿ ಜೊತೆಗಿದ್ದವನಿಗೆ ಬೇನೆ ಬಂದಾಗ ಅವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದ. "ನೋಡಿದ್ರೆ ಬರೋದಿಲ್ಲಪ್ಪ. ಕೈ, ಟವಲ್ಲು, ದಿಂಬು, ಅವರ ಕಣ್ಣಿಗೆ ತಾಗಿದ್ದು ನಿನ್ನ ಕಣ್ಣಿಗೆ ತಾಗಿದ್ರೆ ಬರುತ್ತೆ" ಎಂದಿದ್ದರು ಅವರು. ಆ ಮಾತು ಕೇಳಿದ ಕ್ಷಣವೇ ಕೊಟ್ರೇಶನಿಗೆ ತಪಾಸಣೆ ವಿಭಾಗದ ಮೈಕ್ರೋಸ್ಕೋಪು ನೆನಪಾಯಿತು.

ಕರೆಂಟ್ ಮೀಟರಿನ ಒಳಗೆ ತಿರುಗುವ ಹಿತ್ತಾಳೆ ಚಕ್ರಗಳನ್ನು ಅಲ್ಲಿ ಮಾಡುತ್ತಿದ್ದರು. ಚಕ್ರ ಉಗುರಿಗಿಂತ ಚಿಕ್ಕದು. ಅದರ ಹಲ್ಲು ಮುಕ್ಕಾಗಿದೆಯೋ ಇಲ್ಲವೋ ಎಂದು ನೋಡುವುದಕ್ಕೆ ಇದ್ದದ್ದು ಒಂದೇ ಕೊಳವೆಯ ಒಂದೇ ಮೈಕ್ರೋಸ್ಕೋಪು. ಕೊಳವೆಯ ತುದಿಗೆ ರಬ್ಬರಿನ ಬಳೆ. ಅದಕ್ಕೆ ಕಣ್ಣನ್ನು ಒತ್ತಿಟ್ಟರೇನೇ ಚಕ್ರ ಪೂರ್ತಿ ಕಾಣುವುದು. ಕಣ್ಣು ಕೆಂಪಾದ ಮೇಲೂ ರಜೆ ಹಾಕುವ ತನಕ ಮೊದಲು ಹನುಮವ್ವ ಕೂರುತ್ತಿದ್ದಳು, ಆಮೇಲೆ ಅನುಸೂಯಮ್ಮ, ಆಮೇಲೆ ಕೊಟ್ರೇಶ. ಕಣ್ಣೆತ್ತಿ ಒಬ್ಬರನ್ನೊಬ್ಬರು ನೋಡಲು ಹೆದರುವ ಜನ ಒಂದೇ ಬಳೆಗೆ ಸರದಿಯಂತೆ ಕಣ್ಣು ಒತ್ತುತ್ತಿದ್ದರು.

ಅಂದಿನಿಂದ ಅವನು ತನ್ನ ಸರದಿ ಬಂದಾಗ ಹತ್ತಿಗೆ ಸ್ಪಿರಿಟ್ ಹಚ್ಚಿ ಬಳೆಯನ್ನು ಒರೆಸಿಕೊಂಡು ಕೂರತೊಡಗಿದ. ಯಾರಿಗೂ ಹೇಳಲಿಲ್ಲ. ಹೇಳಿದರೆ ನಗುತ್ತಾರೆ ಎಂದು ಮೊದಲ ದಿನ ಸುಮ್ಮನಾದ. ಎರಡನೇ ದಿನದ ಸುಮ್ಮನಿರುವಿಕೆಗೆ ಬೇರೆ ಕಾರಣವಿತ್ತು. ತಪಾಸಣೆಯಲ್ಲಿ ಖಾಯಂ ಆಗುವುದು ಒಬ್ಬರೇ ಎಂದು ನೋಟೀಸ್ ಬೋರ್ಡಿಗೆ ಹಚ್ಚಿದ್ದರು. ಶನಿವಾರ ಪರೀಕ್ಷೆ. ಹೆಸರು ಎರಡು, ಅವನದು ಮತ್ತು ಅನುಸೂಯಮ್ಮನದು. ಅವಳ ಗಂಡನ ಕಾರ್ಖಾನೆ ಬಾಗಿಲು ಹಾಕಿ ವರ್ಷವಾಗಿತ್ತು, ಅದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಕೊಟ್ರೇಶನಿಗೂ ಈ ಕೆಲಸ ಬಿಟ್ಟರೆ ಬೇರೆ ಇರಲಿಲ್ಲ.

ಗುರುವಾರ ಅನುಸೂಯಮ್ಮನ ಬಲಗಣ್ಣು ಕೆಂಪಾಯಿತು.

"ಬಂದ್ಲಪ್ಪ ಮಾರಿ, ಅಂಗೇ ತಿರುಗ್ಕೊಳ್ರೋ!" ಎಂದು ಲೇತಿನ ಹತ್ತಿರದಿಂದ ಲಕ್ಷ್ಮಣಪ್ಪ ಕೂಗಿದ. ಎಲ್ಲರೂ ನಕ್ಕರು. ಅವಳು ನೀರು ಕುಡಿಯುವ ಲೋಟವನ್ನು ಯಾರೋ ಎತ್ತಿ ಹೊರಗೆ ಸೈಕಲ್ ಸ್ಟ್ಯಾಂಡಿನ ಕಟ್ಟೆಯ ಮೇಲಿಟ್ಟರು.

 ಅನುಸೂಯಮ್ಮ ನೇರ ಕೊಟ್ರೇಶನ ಮೇಜಿಗೆ ಬಂದಳು.

"ದಿನಾ ಅದನ್ನ ಒರೆಸ್ಕೊಂಡು ಕೂತ್ಕೊಳ್ತೀರಲ್ಲ, ಯಾಕೆ?"

"ಧೂಳಿರುತ್ತೆ."

"ಮುಂಚೆ ಇರ್ಲಿಲ್ವಾ ಧೂಳು?"

ಅವನು ಚಕ್ರಗಳ ತಟ್ಟೆಯನ್ನು ಸುಮ್ಮನೆ ಆಚೀಚೆ ಸರಿಸಿದ.

"ಹನುಮವ್ವ ಎದ್ಮೇಲೆ ನಾನು ಕೂತ್ಕೋತಿದ್ದೆ ಅಂತ ನಿಮಗೆ ಗೊತ್ತಿತ್ತು. ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಕಣ್ರೀ?"

"ನಾನೇನು ಡಾಕ್ಟ್ರೇನಮ್ಮ? ಮನೆಗೆ ಹೋಗಿ ರೆಸ್ಟ್ ತಗೊಳ್ಳಿ."

"ಶನಿವಾರ ಬರ್ತೀನಿ. ನೋಡ್ತಿರಿ" ಎಂದು ಹೋದಳು.

ಬರುವುದಿಲ್ಲ ಎಂದೇ ಅವನು ಎಣಿಸಿದ್ದ. ಆದರೆ ಶನಿವಾರ ಬೆಳಿಗ್ಗೆ ಎಂಟೂವರೆಗೆ ಅವಳು ಗೇಟಿನ ಒಳಗಿದ್ದಳು. ಈಗ ಎರಡೂ ಕಣ್ಣು ಕೆಂಡವಾಗಿದ್ದವು. ಅವಳನ್ನು ವಾಪಸು ಕಳಿಸೋಣ ಎಂದು ಪುಟ್ಟಣ್ಣ ಗೊಣಗಿದ. ಮ್ಯಾನೇಜರು ಗಡಿಯಾರ ನೋಡಿಕೊಂಡರು. "ಇವತ್ತೇ ಮುಗೀಬೇಕು ರೀ. ಅವರು ನೋಡೋವಾಗ ನಾವು ಆ ಕಡೆ ತಿರುಗಿದ್ರಾಯ್ತು."

ತಟ್ಟೆಯಲ್ಲಿ ಇಪ್ಪತ್ತು ಚಕ್ರ. ಹತ್ತು ನಿಮಿಷದಲ್ಲಿ ಎಲ್ಲವನ್ನೂ ನೋಡಿ, ಹಲ್ಲು ಮುಕ್ಕಾದವು ಎಷ್ಟು ಎಂದು ಚೀಟಿಯಲ್ಲಿ ಬರೆದು ಕೊಡಬೇಕು. ಅನುಸೂಯಮ್ಮ ಹಾಕಿಕೊಂಡಿದ್ದ ಕಪ್ಪು ಕನ್ನಡಕ ತೆಗೆದು ಕೂತಳು. ಮ್ಯಾನೇಜರು, ಪುಟ್ಟಣ್ಣ, ನೋಡಲು ನೆರೆದಿದ್ದ ಏಳೆಂಟು ಜನ ಎಲ್ಲರೂ ಗೋಡೆಯ ಕಡೆ ಮುಖ ಮಾಡಿ ನಿಂತರು. ಕೊಟ್ರೇಶ ಒಬ್ಬನೇ ತಿರುಗಲಿಲ್ಲ. ಅವಳ ಕಣ್ಣಿಂದ ನೀರು ಇಳಿದು ರಬ್ಬರ್ ಬಳೆಯ ಸುತ್ತ ಹರಿಯುವುದನ್ನು ನೋಡುತ್ತ ನಿಂತಿದ್ದ. ಅವಳು ಸೆರಗಿನಲ್ಲಿ ಕಣ್ಣೊತ್ತಿಕೊಳ್ಳುವಳು, ಮತ್ತೆ ಬಗ್ಗುವಳು. ಮುಗಿದ ಮೇಲೆ ಚೀಟಿ ಬರೆದು, ಕನ್ನಡಕ ಹಾಕಿಕೊಂಡು ಪಕ್ಕಕ್ಕೆ ನಿಂತಳು.

"ಕೊಟ್ರೇಶ್, ಕೂತ್ಕೊಳ್ಳಿ. ಟೈಮ್ ಶುರು."

ಜೇಬಿನಲ್ಲಿ ಸ್ಪಿರಿಟ್ ಹತ್ತಿ ಇತ್ತು. ಕೈ ಅಲ್ಲಿವರೆಗೆ ಹೋಯಿತು. ಈಗ ಗೋಡೆಯಿಂದ ತಿರುಗಿದ ಎಲ್ಲರೂ ಅವನನ್ನೇ ನೋಡುತ್ತಿದ್ದರು. ವಾರದ ಸಂಬಳ ಕಳೆದುಕೊಂಡು ಆಗಷ್ಟೇ ಕೆಲಸಕ್ಕೆ ಬಂದಿದ್ದ ಹನುಮವ್ವ ಇದ್ದಳು. ಈಗ ಒರೆಸಿದರೆ ಯಾಕೆ ಎಂದು ಕೇಳುತ್ತಾರೆ. ಉತ್ತರ ಹೇಳಿದರೆ, ಯಾವತ್ತಿನಿಂದ ಗೊತ್ತು ಎಂದು ಕೇಳುತ್ತಾರೆ.  ಕಪ್ಪು ಗಾಜಿನ ಹಿಂದೆ ಅನುಸೂಯಮ್ಮ ಎಲ್ಲಿ ನೋಡುತ್ತಿದ್ದಾಳೆಂದು ತಿಳಿಯುವಂತಿರಲಿಲ್ಲ.

ಅವನು ಕೈಯನ್ನು ಹೊರಗೆ ತೆಗೆದ. ಬರಿಗೈ.

ಬಗ್ಗಿದ. ಆದರೆ ಬಳೆಗೆ ಕಣ್ಣು ತಾಗಿಸಲಿಲ್ಲ. ಒಂದು ಬೆರಳಗಲ ಮೇಲೆ ಹಿಡಿದ. ಕೊಳವೆಯ ತಳದಲ್ಲಿ ನಾಣ್ಯದಷ್ಟು ಬೆಳಕು, ಅದರಲ್ಲಿ ಹಿತ್ತಾಳೆಯ ಒಂದು ಚೂರು. ಚಕ್ರವನ್ನು ಇಕ್ಕಳದಲ್ಲಿ ತಿರುಗಿಸಿದರೆ ಮೂರು ಹಲ್ಲು ಕಾಣುವವು, ನಾಲ್ಕನೆಯದು ಜಾರಿಹೋಗುವುದು. ಕತ್ತು ನೋಯಿತು. ಆರು ಚಕ್ರ ಮುಗಿಯುವಷ್ಟರಲ್ಲಿ ಐದು ನಿಮಿಷವಾಗಿತ್ತು. ಉಳಿದವನ್ನು ಅಂದಾಜಿನ ಮೇಲೆ ನೋಡಿದ. ಚೀಟಿಯಲ್ಲಿ ನಾಲ್ಕು ಎಂದು ಬರೆದ.

ಮ್ಯಾನೇಜರು ಎರಡೂ ಚೀಟಿ ಬಿಡಿಸಿದರು.

"ಏಳು. ಅನುಸೂಯಮ್ಮ ಬರ್ದಿರೋದು ಸರಿ." ಆಮೇಲೆ ಕೊಟ್ರೇಶನ ಕಡೆ ತಿರುಗಿದರು. "ಕಣ್ಣು ಬಿಡೋಕಾಗದ ಹೆಣ್ಣುಮಗಳಿಗೆ ಕಂಡಿದ್ದು ನಿಮಗೆ ಕಾಣ್ಲಿಲ್ವೇನ್ರೀ? ಬಿಎಸ್ಸಿ ಬೇರೆ!"

ಯಾರೋ ಕಿಸಕ್ಕೆಂದರು.

"ಕಾಣ್ಲಿಲ್ಲ ಸಾರ್."

ಮ್ಯಾನೇಜರು ಅನುಸೂಯಮ್ಮನಿಗೆ ಸೋಮವಾರ ಕಾಗದ ತೆಗೆದುಕೊಳ್ಳುವಂತೆ ಹೇಳಿ, ಮೂರು ಮಾರು ದೂರದಿಂದಲೇ ಕೈ ಮುಗಿದು ಹೊರಟರು. ಅವಳೂ ಹೊರಟಳು. ಕೊಟ್ರೇಶನ ಪಕ್ಕ ಹಾಯುವಾಗ ನಡಿಗೆಯನ್ನು ನಿಧಾನ ಕೂಡ ಮಾಡಲಿಲ್ಲ.

ಜನ ಚದುರಿದರು. ಲಕ್ಷ್ಮಣಪ್ಪ ಅವನ ಹೆಗಲ ಮೇಲೆ ಎಣ್ಣೆಗೈ ಹಾಕಿದ. "ಬಿಡು ಮಗಾ. ನೀನೊಬ್ನೇ ಆವಮ್ಮನ್ನ ನೋಡ್ತಾ ನಿಂತಿದ್ದೆ. ಆ ಕಣ್ಣು ಬಿದ್ದು ನಿಂಗೆ ಇಂಗಾಯ್ತು. ಅಲ್ವಾ?"

ಕೊಟ್ರೇಶ ಅವನ ಮುಖ ನೋಡಿದ. ಬೇನೆ ತಾಗದ, ಬಿಳಿಯ ಕಣ್ಣುಗಳು.

"ಹೂಂ" ಎಂದ. "ಅದೇ ಇರಬೇಕು."

"ನಾನಂತೂ ಆವಮ್ಮ ಎದ್ದೋಗೋವರ್ಗೂ ಗೋಡೆ ಬಿಟ್ಟು ಬೇರೆ ನೋಡ್ಲಿಲ್ಲಪ್ಪ!" ಎಂದು ಲಕ್ಷ್ಮಣಪ್ಪ ನಕ್ಕ. ಲೇತಿನಿಂದ ಆಗಷ್ಟೇ ಇಳಿಸಿದ ಒಂದು ಚಕ್ರವನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು, ಸ್ಟೂಲ್ ಎಳೆದುಕೊಂಡು ಕೂತ. ಬಲಗಣ್ಣನ್ನು ಒದ್ದೆ ಬಳೆಗೆ ಚೆನ್ನಾಗಿ ಒತ್ತಿಟ್ಟ.

ಕೊಟ್ರೇಶ ಊಟದ ಡಬ್ಬಿ ಎತ್ತಿಕೊಂಡು ಬಾಗಿಲ ಕಡೆ ನಡೆದ.