ತವರಿನ ಹೆಸರು

ಕುದಿನೀರಿನಿಂದ ತೆಗೆದ ಪೀಚ್ ಹಣ್ಣುಗಳ ಸಿಪ್ಪೆ ಬೆರಳು ತಾಕಿದರೆ ಸಾಕು, ಜಾರಿಬರುತ್ತಿತ್ತು. ಐಡೆಲ್ ಅರ್ಧ ಬುಟ್ಟಿ ಮುಗಿಸಿದ್ದಳು. ತುಂಬುಬಸುರಿ ಮಗಳು ಡೆಲಿಯಾ ಎದುರು ಕೂತು ಬೀಜ ತೆಗೆಯುತ್ತಿದ್ದಳು.

"ಅಮ್ಮಾ, ಗಂಡು ಅಂತ ಗೊತ್ತಾಯ್ತಲ್ಲ, ಟ್ಯಾನರ್ ಅಂತ ಹೆಸರಿಡೋಣ ಅಂತಿದೀವಿ."

ಐಡೆಲ್‌ಳ ಕೈ ನಿಂತಿತು.

ಟೆನೆಸೀಯ ಆ ಬೆಟ್ಟಸೀಮೆಯಲ್ಲಿ ಚೊಚ್ಚಲ ಗಂಡುಮಗುವಿಗೆ ತಾಯಿಯ ತವರಿನ ಮನೆತನದ ಹೆಸರಿಡುವುದು ರೂಢಿ. ಮದುವೆಯಲ್ಲಿ ಹೆಣ್ಣು ಬಿಟ್ಟುಬಂದ ಹೆಸರು ಹಾಗೆ ಮಗನ ಬೆನ್ನೇರಿ ಅವಳ ಬಳಿಗೆ ಮರಳುತ್ತದೆ. ಐಡೆಲ್‌ಳ ತವರಿನವರು ಟ್ಯಾನರ್‌ಗಳು. ಹೆಸರೇ ಹೇಳುವಂತೆ, ತಲೆತಲಾಂತರದಿಂದ ಹೊಳೆದಂಡೆಯಲ್ಲಿ, ಓಕ್ ತೊಗಟೆಯ ನೀರಿನಲ್ಲಿ ತೊಗಲು ಹದಮಾಡಿದವರು. ಶಾಲೆಯಲ್ಲಿ ಹುಡುಗಿಯರು ಅವಳನ್ನು ಕಂಡರೆ ಮೂಗು ಮುಚ್ಚುತ್ತಿದ್ದರು. ಅದೇ ಹೆಸರನ್ನು ಅವಳು ಹಟ ಹಿಡಿದು ಮಗನಿಗಿಟ್ಟಳು. ಅವನು ಊರೆಲ್ಲ ಅಡ್ಡಾಡಿ, ಎಲ್ಲರನ್ನೂ ನಗಿಸಿ, ಆ ಹೆಸರಿಗಂಟಿದ್ದ ನಾತವನ್ನು ತೊಳೆದೇಬಿಟ್ಟಿದ್ದ. ಆಮೇಲೊಂದು ಚಳಿಗಾಲ, ಹಿಮಗಟ್ಟಿದ ಸೇತುವೆಯ ಮೇಲೆ ಅವನ ಟ್ರಕ್ ಜಾರಿತು. ಅಂದಿನಿಂದ ಮನೆಯಲ್ಲಿ ಯಾರೂ ಆ ಹೆಸರೆತ್ತಿರಲಿಲ್ಲ.

"ರೂಢಿ ಪ್ರಕಾರ ನಿನ್ನ ಮಗ ಪ್ರೂಯಿಟ್ ಆಗ್ಬೇಕಲ್ಲೇ," ಎಂದಳು ಐಡೆಲ್. "ನಿನ್ನ ತವರಿನ ಹೆಸರು ನಿಮ್ಮಪ್ಪಂದು."

"ಅಪ್ಪನೂ ರೇಗಿಸಿದ್ರು. 'ನನ್ನ ಹೆಸರೇನು ಹಳಸಿಹೋಯ್ತೇನೇ?' ಅಂದ್ರು. ಆಮೇಲೆ ಟೋಪಿ ಹಾಕ್ಕೊಂಡು ಕೊಟ್ಟಿಗೆ ಕಡೆ ಹೋಗ್ಬಿಟ್ರು." ಡೆಲಿಯಾ ತಲೆ ತಗ್ಗಿಸಿದಳು. "ನಂಗೆ ಅಣ್ಣನ ಹೆಸರು ಕರೀಬೇಕು ಅನ್ಸುತ್ತಮ್ಮಾ. ಕರೆದು ಎಷ್ಟು ಕಾಲ ಆಯ್ತು! ನೀನು ಬೇಡ ಅಂದ್ರೆ ಬಿಟ್ಬಿಡ್ತೀನಿ."

ಬೇಡ ಎನ್ನಲೆಂದೇ ಐಡೆಲ್ ಬಾಯಿ ತೆರೆದಳು. ಆ ಹೆಸರಿಗೆ ಬೇರೊಂದು ಮುಖ ತಿರುಗಿ ನೋಡುವುದನ್ನು ತಾನು ಹೇಗೆ ತಡೆದುಕೊಳ್ಳಲಿ? ಆದರೆ ಎದುರಿಗಿದ್ದ ಮಗಳ ಗದ್ದ ನಡುಗುತ್ತಿತ್ತು. ತನ್ನ ದುಃಖದ ಸುತ್ತ ಬೇಲಿ ಹಾಕಿ ಕೂತವಳಿಗೆ, ಇವಳೂ ಒಡಹುಟ್ಟಿದವನನ್ನು ಕಳೆದುಕೊಂಡಳೆಂಬುದು ಇಂದಿನವರೆಗೆ ಹೊಳೆದೇ ಇರಲಿಲ್ಲ.

"ಇಡು," ಎಂದಳು.

"ನಿಜವಾಗ್ಲೂ? ಆಮೇಲೆ ಮುಖ ಊದಿಸ್ಕೊಂಡು ಕೂರಬಾರ್ದು ನೋಡು!"

"ಇಡು ಅಂದ್ನಲ್ಲೇ. ಹಣ್ಣು ಕಪ್ಪಾಗ್ತಿದೆ, ಕೈ ಆಡಿಸು."

ಮಗಳು ಕಣ್ಣೊರೆಸಿಕೊಂಡು ನಕ್ಕಳು.

ಅವಳು ಹೊರಟುಹೋದ ಮೇಲೆ ಐಡೆಲ್ ಹಿತ್ತಿಲ ಬಾಗಿಲಲ್ಲಿ ನಿಂತು, ಹಿಂದೆ ಮಗನನ್ನು ಊಟಕ್ಕೆ ಕೂಗುತ್ತಿದ್ದಂತೆ ಕೂಗಲು ನೋಡಿದಳು. ಮೊದಲ ಅಕ್ಷರ ಹೊರಟಿತು, ಉಳಿದದ್ದು ಹೊರಡಲಿಲ್ಲ. ಮಗು ಬರುವತನಕ ದಿನಾ ಬೆಳಿಗ್ಗೆ, ಒಬ್ಬಳೇ ಇದ್ದಾಗ, ಇಲ್ಲಿ ನಿಂತು ಕರೆಯಬೇಕು. ದನಿ ನಡುಗದೆ ಹೊರಡುವವರೆಗೂ ಕರೆಯಬೇಕು ಎಂದುಕೊಂಡಳು.

ಕೊಟ್ಟಿಗೆಯಿಂದ ಬಂದ ಗಂಡ ಕೇಳಿದ, "ಕರೆದ್ಯಾ?"

"ಇಲ್ಲ," ಎಂದು ಐಡೆಲ್ ಹಣ್ಣಿನ ಕಡೆಗೆ ತಿರುಗಿದಳು.